ನಾಲ್ಕು ಗಿನಿಪಿಗ್, ನಾಲ್ಕೂವರೆ ಅಡಿ ಗೋಡೆ: ಅಂತಸ್ತಿನ ಗೂಡು ಮಾಡಿದವರು ಯಾರಾದರೂ ಇದ್ದೀರಾ?

ಮೂಲೆಮನೆ · ಹಾಸನ · ಮಾರ್ಚ್ 16

ಎಲ್ಲರಿಗೂ ನಮಸ್ಕಾರ. ನಾವಿರುವುದು ವಿದ್ಯಾನಗರದಲ್ಲಿ, ಬಾಡಿಗೆ ಮನೆ. ಮಗಳ ಹಟ ತಡೆಯಲಾರದೆ ದೀಪಾವಳಿ ಕಳೆದ ಮೇಲೆ ಎರಡು ಗಿನಿಪಿಗ್ ತಂದೆವು. ಅಂಗಡಿಯವರು "ಎರಡೂ ಹೆಣ್ಣೇ ಮೇಡಂ, ತೊಂದರೆ ಇಲ್ಲ" ಅಂದರು. ಫೆಬ್ರವರಿ 20ರ ಬೆಳಗ್ಗೆ ಎದ್ದು ನೋಡಿದರೆ ಡಬ್ಬದಲ್ಲಿ ನಾಲ್ಕು ಇವೆ! ಇಲಿಮರಿಯ ಹಾಗೆ ಬೆತ್ತಲೆ ಮರಿಗಳಲ್ಲ. ಮೈತುಂಬ ಕೂದಲು, ಕಣ್ಣು ಬಿಟ್ಟುಕೊಂಡು ಅಮ್ಮನ ಹಿಂದೆ ಓಡುತ್ತಿದ್ದವು. ಯಾರೋ ರಾತ್ರಿ ತಂದು ಬಿಟ್ಟು ಹೋಗಿದ್ದಾರೆ ಅಂತಲೇ ಅಂದುಕೊಂಡೆ.

ಅಪ್ಪನ ಹೆಸರು ಬೋಂಡ, ಅಮ್ಮ ಬೆಲ್ಲ. ಮರಿಗಳು ಒಂದು ಗಂಡು, ಒಂದು ಹೆಣ್ಣು. ಬೋಂಡನನ್ನು ಹತ್ತು ದಿನ ಆದ ಮೇಲೆ ಬೇರೆ ಬುಟ್ಟಿಗೆ ಹಾಕಿದೆ. ಈಗ ಮರಿಗಳನ್ನೂ ಬೇರೆ ಮಾಡಬೇಕು ಅನ್ನುತ್ತಾರೆ. ಹಾಲ್‌ನಲ್ಲಿ ಫ್ರಿಜ್ಜಿಗೂ ಚಪ್ಪಲಿ ಸ್ಟ್ಯಾಂಡಿಗೂ ನಡುವೆ ನಾಲ್ಕೂವರೆ ಅಡಿ ಗೋಡೆ ಖಾಲಿ ಇದೆ. ಅಷ್ಟೇ ಜಾಗ. ಅದಕ್ಕೇ ಒಂದರ ಮೇಲೊಂದು ಗೂಡು ಮಾಡಿಸೋಣ ಅಂತ. ವಿಡಿಯೋಗಳಲ್ಲಿ ಏಣಿ, ಬಾಲ್ಕನಿ ಎಲ್ಲ ಇಟ್ಟು ಚೆನ್ನಾಗಿ ಮಾಡಿರುತ್ತಾರೆ. ನಮ್ಮ ಓನರ್ ಮೇಲಿನ ಮನೆಯಲ್ಲೇ ಇದ್ದಾರೆ. ವಾಸನೆ ಹೊಡೆದರೆ ಹಂದಿಗಳೂ ನಾವೂ ಒಟ್ಟಿಗೇ ಬೀದಿಗೆ.

ಮೊಲದಪ್ಪ · ಅರಸೀಕೆರೆ · ಮಾರ್ಚ್ 16

ಮೇಡಂ, ಇದಕ್ಕೆ ಇಷ್ಟೊಂದು ತಲೆ ಕೆಡಿಸಿಕೊಳ್ಳಬೇಡಿ. ನಾನು ಹನ್ನೊಂದು ವರ್ಷದಿಂದ ಮೊಲ ಸಾಕುತ್ತಿದ್ದೇನೆ. ಜಾಲರಿ ತಳದ ಪಂಜರ, ಮೂರು ಸಾಲು. ಹಿಕ್ಕೆ ಕೆಳಗೆ ಬೀಳುತ್ತದೆ. ನಡುವೆ ಇಳಿಜಾರಾಗಿ ತಗಡು ಕೊಟ್ಟರೆ ಉಚ್ಚೆ ಹಿಂದಕ್ಕೆ ಹರಿದು ಹೋಗುತ್ತದೆ. ಗುಡಿಸುವ ಕೆಲಸವೇ ಇಲ್ಲ. ಜೋಡಿಗೆ ಎರಡಡಿ-ಎರಡಡಿ ಸಾಕೋ ಸಾಕು.

ಗರಿಕೆ · ಚಿಕ್ಕಮಗಳೂರು · ಮಾರ್ಚ್ 16

ಮೊಲದಪ್ಪಣ್ಣ, ನಿಮ್ಮ ಅನುಭವ ದೊಡ್ಡದು, ಆದರೆ ಇದು ಮೊಲ ಅಲ್ಲ. ಮೊಲದ ಅಂಗಾಲಿಗೆ ದಪ್ಪ ಕೂದಲಿನ ಮೆತ್ತೆ ಇದೆ. ಗಿನಿಪಿಗ್ಗಿಗೆ ಅದಿಲ್ಲ. ಒಂದನ್ನು ಮಡಿಲಲ್ಲಿ ಮಲಗಿಸಿಕೊಂಡು ಪಾದ ತಿರುಗಿಸಿ ನೋಡಿ. ಮುಂದೆ ನಾಲ್ಕು ಬೆರಳು, ಹಿಂದೆ ಮೂರು, ನಡುವೆ ಎಳೆ ಮಗುವಿನ ಅಂಗೈ ಹಾಗೆ ಬರೀ ಚರ್ಮ. ದಿನವಿಡೀ ತಂತಿ ಮೇಲೆ ನಿಂತರೆ ಮೊದಲು ಕೆಂಪಾಗುತ್ತದೆ, ಆಮೇಲೆ ಗಟ್ಟಿ ಚಕ್ಕೆ, ಆಮೇಲೆ ಕೀವು. ಸೋಂಕು ಮೂಳೆಗೆ ಇಳಿದರೆ ವಾಸಿ ಮಾಡುವುದು ಬಹಳ ಕಷ್ಟ. ನಾನೂ ಮೊದಲ ವರ್ಷ ಈ ತಪ್ಪು ಮಾಡಿದ್ದೇನೆ. ನೆಲ ಜಾಲರಿ ಇಲ್ಲದೆ, ಒಣಗಿ, ಮೆತ್ತಗೆ ಇರಬೇಕು.

ಇನ್ನು ಅಳತೆ. ಎರಡಕ್ಕೆ ಕಡಿಮೆ ಅಂದರೂ ಏಳೂವರೆ ಚದರ ಅಡಿ ಬೇಕು, ಹತ್ತು ಇದ್ದರೆ ಒಳ್ಳೆಯದು. ಎಲ್ಲರೂ ಎಡವುವುದು ಇಲ್ಲೇ. ಕೆಳಗೆ ನಾಲ್ಕು ಚದರಡಿ, ಮೇಲೆ ನಾಲ್ಕು, ಒಟ್ಟು ಎಂಟು ಆಯ್ತಲ್ಲ ಅನ್ನುತ್ತಾರೆ. ಆಗುವುದಿಲ್ಲ. ಇವು ದಕ್ಷಿಣ ಅಮೆರಿಕದ ಆಂಡಿಸ್ ಸೀಮೆಯ ಹುಲ್ಲುಗಾವಲಿನ ಪ್ರಾಣಿ. ಹೆದರಿದರೆ ನೇರ ಓಡುತ್ತವೆ, ಖುಷಿಯಾದರೂ ಓಡುತ್ತವೆ. ಹತ್ತುವ ಪ್ರಾಣಿ ಅಲ್ಲ. ಓಡಲು ಬೇಕಾದ್ದು ಒಂದೇ ಮಟ್ಟದ ಉದ್ದ ನೆಲ. ಓನರ್ ಮೇಲಿನ ಮನೆಯಲ್ಲಿದ್ದಾರೆ ಅಂದಿರಲ್ಲ, ಅವರ ಹಾಲ್ ನಿಮ್ಮ ಮನೆಯ ಲೆಕ್ಕಕ್ಕೆ ಬರುತ್ತಾ? ಅಂತಸ್ತು ಮಾಡಿದರೆ ಉಳಿಯುವುದು ನಿಮ್ಮ ಜಾಗ. ಅವುಗಳಿಗೆ ಒಂದು ಇಂಚೂ ಜಾಸ್ತಿ ಸಿಗಲ್ಲ. ಹಾಗಾಗಿ ಪ್ರತಿ ಅಂತಸ್ತೂ ತಾನೇ ಒಂದು ಪೂರ್ತಿ ಮನೆ ಆಗಿರಬೇಕು.

ಮೊಲದಪ್ಪ · ಅರಸೀಕೆರೆ · ಮಾರ್ಚ್ 16

ಸರಿ ಅಕ್ಕ, ಪಾದದ ವಿಷಯ ಗೊತ್ತಿರಲಿಲ್ಲ, ಒಪ್ಪಿದೆ. ಆದರೆ ದಿನಾ ಹಿಕ್ಕೆ ಬಾಚುವಾಗ ನನ್ನನ್ನು ನೆನೆಸಿಕೊಳ್ಳುತ್ತೀರಿ, ನೋಡಿ ಬೇಕಾದರೆ.

ತೋಟದ_ದಾರಿ · ಮೂಡಿಗೆರೆ · ಮಾರ್ಚ್ 17

ಏಣಿ ಬೇಡ ಮಾರಾಯ್ರೆ. ನಾನು ಎರಡು ಅಂತಸ್ತು ಮಾಡಿ ನಡುವೆ ಹಲಗೆ ಇಟ್ಟಿದ್ದೆ. ನೋಡಲು ಚಂದ. ಹತ್ತುವುದು ಹೇಗೋ ಹತ್ತಿದವು. ಇಳಿಯುವಾಗ ಒಂದರ ಹಿಂದೆ ಇನ್ನೊಂದು ನುಗ್ಗಿ, ಮುಂದಿನದು ಅಂಚಿನಿಂದ ಬಿತ್ತು. ಹಿಂಗಾಲು ಮುರಿಯಿತು. ಅವಕ್ಕೆ ಎತ್ತರ ಎಷ್ಟು ಅಂತ ಅಂದಾಜೇ ಸಿಗುವುದಿಲ್ಲ. ಬೆಕ್ಕಿನ ಹಾಗೆ ತಿರುಗಿ ಕಾಲೂರಿ ಬೀಳುವುದೂ ಇಲ್ಲ.

ಉಳಿಸುತ್ತಿಗೆ · ಬೇಲೂರು · ಮಾರ್ಚ್ 17

ನಾನು ಬಡಗಿ. ಗಿನಿಪಿಗ್ ಸಾಕಿಲ್ಲ, ಆದರೆ ಇಂಥ ಗೂಡು ಎರಡು ಮಾಡಿ ಕೊಟ್ಟಿದ್ದೇನೆ. ಏಣಿಯ ಲೆಕ್ಕ ಹೇಳುತ್ತೇನೆ. ಅಂತಸ್ತಿನ ನಡುವೆ 18 ಇಂಚು ಅಂತ ಇಟ್ಟುಕೊಳ್ಳಿ. ಹಲಗೆ 30 ಡಿಗ್ರಿ ವಾಲಬೇಕು ಅಂದರೆ ಅದರ ಉದ್ದ 36 ಇಂಚು. ಇವಕ್ಕೆ ಅದೂ ಕಡಿದೇ. 20 ಡಿಗ್ರಿ ಮಾಡಿದರೆ 52 ಇಂಚು ದಾಟುತ್ತದೆ, ಗೂಡಿನಿಂದ ಆಚೆಗೆ ಬರುತ್ತದೆ! ಮೇಲಿನ ನೆಲದಲ್ಲಿ ತೂತು ಬೇರೆ ಕೊರೆಯಬೇಕು. ಇದ್ದ ಜಾಗವೂ ಹೋಯಿತು, ಮೇಲಿನ ಉಚ್ಚೆ ಕೆಳಗೂ ಬಂತು.

ಮೇಡಂ, ನಿಮ್ಮ ಗೋಡೆಗೆ ಹೀಗೆ ಮಾಡಿ. ಒಂದು ಪ್ಲೈವುಡ್ ಶೀಟು ಎಂಟಡಿಗೆ ನಾಲ್ಕಡಿ ಬರುತ್ತದೆ. ಅದನ್ನು ನಾಲ್ಕಡಿ-ಎರಡಡಿಯ ನಾಲ್ಕು ತುಂಡು ಮಾಡಿಸಿ. ಮೂರು ನೆಲ, ಒಂದು ಮಾಡು. ಒಂದು ಚೂರೂ ವ್ಯರ್ಥ ಇಲ್ಲ. ಪ್ರತಿ ನೆಲ ಎಂಟು ಚದರಡಿ, ಗರಿಕೆ ಮೇಡಂ ಹೇಳಿದ್ದಕ್ಕಿಂತ ಸ್ವಲ್ಪ ಜಾಸ್ತಿಯೇ. 18 ಎಂಎಂ ತೊಗೊಳ್ಳಿ. 12 ಎಂಎಂ ನಾಲ್ಕಡಿ ಉದ್ದಕ್ಕೆ ನಡುವೆ ಜೋಲುತ್ತದೆ, ತಗ್ಗಾದ ಕಡೆ ಉಚ್ಚೆ ನಿಲ್ಲುತ್ತದೆ. ಒಂದು ತುಂಡು ಸುಮಾರು ಎಂಟು ಕೆಜಿ ತೂಗುತ್ತದೆ. ನಾಲ್ಕಕ್ಕೆ 32 ಕೆಜಿ, ಮೇಲೆ ಹುಲ್ಲು, ನೀರು, ಪ್ರಾಣಿ. ಇದನ್ನು ಹೊರಲು ಮರದ ಕಾಲು ಬೇಡ. ಅಂಗಡಿಗಳಲ್ಲಿ ಸಾಮಾನು ಜೋಡಿಸುವ ತೂತಿನ ಆ್ಯಂಗಲ್ ರ‍್ಯಾಕ್ ಇರುತ್ತದಲ್ಲ, ಅದು ಹಳೆಯದು ಸಿಕ್ಕಿದರೂ ಸಾಕು.

ಮೊದಲ ನೆಲ ಒಂಬತ್ತು ಇಂಚು ಮೇಲಿರಲಿ, ಪೊರಕೆ ಆಡಬೇಕು. ಎರಡನೆಯದು 27, ಮೂರನೆಯದು 45, ಮಾಡು 63 ಇಂಚು. ಗೋಡೆಗೆ ಎರಡು ಕಡೆ ಕ್ಲಾಂಪ್ ಹೊಡೆದು ರ‍್ಯಾಕ್ ಬಿಗಿಯಬೇಕು. ಬಾಡಿಗೆ ಮನೆ, ತೂತು ಹೇಗೆ ಹೊಡೆಯೋದು ಅನ್ನಬೇಡಿ. ಮಗು ಕೆಳಗಿನ ಅಂಚಿಗೆ ಕಾಲಿಟ್ಟು ಹತ್ತಿದರೆ ಅಷ್ಟೂ ಮುಂದಕ್ಕೆ ಬೀಳುತ್ತದೆ. ಓನರ್ ಹತ್ತಿರ ನಾನು ಬೇಕಾದರೆ ಮಾತಾಡುತ್ತೇನೆ.

ಹಿಂದೆ, ಪಕ್ಕಕ್ಕೆ ಒಂದಿಂಚಿನ ವೆಲ್ಡ್ ಮೆಶ್. ಕೋಳಿ ಜಾಲರಿ ಬೇಡ, ಹೆಗ್ಗಣ ಹರಿಯುತ್ತದೆ. ತಂತಿಯ ತುದಿಗಳನ್ನು ಒಳಕ್ಕೆ ಬಿಡಬೇಡಿ. ಮುಂದುಗಡೆ ಎರಡೆರಡು ಅಡಿಯ ಎರಡು ಬಾಗಿಲು, ಪಕ್ಕಕ್ಕೆ ತೆರೆಯುವ ಹಾಗೆ. ಒಂದೇ ದೊಡ್ಡ ಬಾಗಿಲು ಮಾಡಿದರೆ ತೆರೆದಾಗೆಲ್ಲ ಇಡೀ ಮನೆ ಬಾಯಿ ಬಿಟ್ಟ ಹಾಗೆ. ಪ್ರತಿ ಬಾಗಿಲಿಗೆ ಮೇಲೊಂದು, ಕೆಳಗೊಂದು ಚಿಲಕ.

ಗರಿಕೆ · ಚಿಕ್ಕಮಗಳೂರು · ಮಾರ್ಚ್ 17

ಅಣ್ಣಾ, ಸಾಕಿಲ್ಲ ಅನ್ನುತ್ತಾ ಎಲ್ಲ ಹೇಳಿಬಿಟ್ಟಿರಿ! ಎರಡೇ ಸೇರಿಸುತ್ತೇನೆ. ಫ್ರಿಜ್ಜಿನ ಪಕ್ಕ ಬಿಸಿ ಬಿಡುತ್ತದೆ, ಅದನ್ನು ತಾಗಿಸಬೇಡಿ. ಮತ್ತೆ ಒಳಗೆ ಬಾಯಿಗೆ ಸಿಗುವ ಮರಕ್ಕೆ ಬಣ್ಣ, ವಾರ್ನಿಷ್ ಬೇಡ. ಹಲ್ಲು ಸಾಯೋತನಕ ಬೆಳೆಯುತ್ತಲೇ ಇರುತ್ತದೆ, ಸಿಕ್ಕಿದ್ದನ್ನೆಲ್ಲ ಕಡಿಯುತ್ತವೆ.

ಪ್ಲೈ ಮೇಲೆ ನೇರ ಬಿಡುವುದಲ್ಲ. ಅದರ ಮೇಲೆ ಸನ್‌ಪ್ಯಾಕ್ ಶೀಟಿನ (ಬೋರ್ಡ್ ಬರೆಯಲು ಬಳಸುವ, ಎರಡು ಪದರದ ನಡುವೆ ಟೊಳ್ಳಿರುವ ಪ್ಲಾಸ್ಟಿಕ್) ಟ್ರೇ ಕೂರಿಸಿ. ಐದಡಿ-ಮೂರಡಿ ಶೀಟು, ಸುತ್ತ ಆರಿಂಚು ಬಿಟ್ಟು ಒಂದೇ ಪದರ ಬ್ಲೇಡಿನಿಂದ ಗೀರಿ ಮಡಚಿ, ಮೂಲೆ ಹೊರಗಿನಿಂದ ಅಂಟಿಸಿ. ಆರಿಂಚಿನ ಗೋಡೆ ಇದ್ದರೆ ಹಿಕ್ಕೆ, ಹುಲ್ಲು ಹಾರುವುದಿಲ್ಲ. ಮರಿ ಜಾಲರಿಗೆ ತಲೆ ತೂರಿಸುವುದೂ ತಪ್ಪುತ್ತದೆ. ಬಾಗಿಲು ತೆಗೆದರೆ ಟ್ರೇ ಹಾಗೇ ಜಾರಿ ಹೊರಗೆ ಬರಬೇಕು, ಬಚ್ಚಲಿಗೆ ಒಯ್ದು ತೊಳೆಯಲು.

ಪಶುಕಾಲೇಜು_ಕೊನೇಬೆಂಚು · ಹಾಸನ · ಮಾರ್ಚ್ 17

ಅಕ್ಕಾ, ಗೂಡಿಗಿಂತ ಮೊದಲು ಒಂದು ವಿಷಯ. ಗಂಡು ಮರಿಗೆ ಇವತ್ತಿಗೆ 25 ದಿನ. ಮೂರು ವಾರಕ್ಕೇ ಬೇರೆ ಮಾಡಬೇಕಿತ್ತು. ಇವತ್ತೇ ಅಪ್ಪನ ಜೊತೆ ಬಿಡಿ. ಅಮ್ಮ, ತಂಗಿ ಅಂತೆಲ್ಲ ಅದು ನೋಡುವುದಿಲ್ಲ. ಅಪ್ಪ-ಮಗ ಸಾಮಾನ್ಯವಾಗಿ ಹೊಂದಿಕೊಳ್ಳುತ್ತಾರೆ. ಊಟದ ಬಟ್ಟಲು ಎರಡು, ಅಡಗುವ ಡಬ್ಬ ಎರಡು ಇಡಿ.

ಎರಡನೆಯದು ಸ್ವಲ್ಪ ಕೆಟ್ಟ ಸುದ್ದಿ. ಬೋಂಡನನ್ನು ಹತ್ತು ದಿನ ಆದ ಮೇಲೆ ಬೇರೆ ಮಾಡಿದೆ ಅಂದಿರಿ. ಇವು ಹೆತ್ತ ಕೆಲವೇ ಗಂಟೆಗಳಲ್ಲಿ ಮತ್ತೆ ಗಬ್ಬ ಕಟ್ಟಬಲ್ಲವು. 59ರಿಂದ 72 ದಿನ, ಹೆಚ್ಚಾಗಿ 68ರ ಆಸುಪಾಸು. ಲೆಕ್ಕ ಹಾಕಿದರೆ ಏಪ್ರಿಲ್ ಕೊನೆ. ಮೂರನೇ ಅಂತಸ್ತು ಸುಮ್ನೆ ಅಂದುಕೊಳ್ಳಬೇಡಿ. ಕಾಲೇಜಿಗೆ ಕರೆತನ್ನಿ, ಮೇಷ್ಟ್ರ ಹತ್ತಿರ ಹೊಟ್ಟೆ ಮುಟ್ಟಿಸಿ ನೋಡೋಣ.

ಮೂಲೆಮನೆ · ಹಾಸನ · ಮಾರ್ಚ್ 17

ಅಯ್ಯೋ ದೇವರೇ. ಮರಿಯನ್ನು ಈಗಲೇ ಬೋಂಡನ ಬುಟ್ಟಿಗೆ ಬಿಟ್ಟೆ. ಒಂದು ಸಲ ಮೂಸಿ ಇಬ್ಬರೂ ಕೊತ್ತಂಬರಿ ಸೊಪ್ಪು ತಿನ್ನುತ್ತಿದ್ದಾರೆ.

ಸುಮ್ನೆ_ಬಂದೆ · ಸಕಲೇಶಪುರ · ಮಾರ್ಚ್ 18

ಕೆಳಗೆ ಹಾಸಲು ಕಾಫಿ ಹೊಟ್ಟು ಹಾಕಬಹುದಲ್ವಾ? ನಮ್ಮ ಕಡೆ ರಾಶಿ ರಾಶಿ ಬಿದ್ದಿರುತ್ತದೆ. ಪುಕ್ಕಟೆ.

ಗರಿಕೆ · ಚಿಕ್ಕಮಗಳೂರು · ಮಾರ್ಚ್ 18

ಬೇಡವೇ ಬೇಡ. ಹಣ್ಣಿನ ಹೊಟ್ಟಿನಲ್ಲೂ ಕೆಫೀನ್ ಇರುತ್ತದೆ, ಇವು ಹಾಸಿಗೆಯನ್ನೂ ಮೆಲ್ಲುತ್ತವೆ. ಒಂದು ಕೆಜಿ ತೂಗದ ಜೀವ ಅದು. ಭತ್ತದ ಹೊಟ್ಟಿನಲ್ಲಿ ಧೂಳು ಜಾಸ್ತಿ. ಸಾಮಿಲ್ಲಿನ ಪುಡಿಯೂ ಹಾಗೇ, ಮೂಗಿಗೆ ಕೂರುತ್ತದೆ. ತೋಟದವರು ಸಿಲ್ವರ್ ಓಕ್ ಹೊಟ್ಟು ಇದೆ ಅನ್ನುತ್ತಾರೆ. ಅದು ಮನುಷ್ಯರಲ್ಲೇ ಕೆಲವರ ಚರ್ಮಕ್ಕೆ ತುರಿಕೆ ತರಿಸುವ ಮರ, ನಾನು ಮುಟ್ಟಿಸಲ್ಲ. ಪೈನ್ ಮರದ ಘಮಘಮ ಹೊಟ್ಟೂ ಉಸಿರಿಗೆ ಒಳ್ಳೆಯದಲ್ಲ. ಕೆಳಗೆ ನಾಲ್ಕು ಪದರ ನ್ಯೂಸ್‌ಪೇಪರ್, ಮೇಲೆ ಫ್ಲೀಸ್ ಬಟ್ಟೆ, ಹುಲ್ಲಿನ ಮೂಲೆಯಲ್ಲಿ ದಪ್ಪಗೆ ಒಣಹುಲ್ಲು. ತಿನ್ನುತ್ತಲೇ ಉಚ್ಚೆ ಹೊಯ್ಯುವ ಜಾತಿ ಇದು. ಹಾಗಾಗಿ ಆ ಒಂದು ಮೂಲೆ ದಿನಾ ತೆಗೆದರೆ ಮುಕ್ಕಾಲು ವಾಸನೆ ಹೋಗುತ್ತದೆ.

ತೋಟದ_ದಾರಿ · ಮೂಡಿಗೆರೆ · ಮಾರ್ಚ್ 18

ಫ್ಲೀಸ್ ಎಲ್ಲ ಹಾಸನದವರಿಗೆ ಸರಿ. ನಮ್ಮಲ್ಲಿ ಜೂನ್ ಬಂದರೆ ನಮ್ಮ ಚಡ್ಡಿಯೇ ಒಣಗುವುದಿಲ್ಲ, ಇನ್ನು ಹಂದಿಯ ಕಂಬಳಿ ಎಂತದು ಒಣಗೀತು! ಹಸಿ ಬಟ್ಟೆ ಮೇಲೆ ಬಿಟ್ಟು ಎರಡಕ್ಕೆ ಹುಳುಕಡ್ಡಿ ಹತ್ತಿತು, ಆಮೇಲೆ ನನ್ನ ಕೈಗೂ. ಮಳೆಗಾಲಕ್ಕೆ ಬರೀ ಪೇಪರ್ರು, ದಿನಕ್ಕೆ ಎರಡು ಸಲ ಬದಲು. ಹುಲ್ಲನ್ನು ಅಟ್ಟದ ಮೇಲೆ ಇಡುತ್ತೇನೆ, ಬೂಷ್ಟು ಬಂದದ್ದನ್ನು ಕೊಡುವುದೇ ಇಲ್ಲ.

ಮೂಲೆಮನೆ · ಹಾಸನ · ಮಾರ್ಚ್ 29

ಗೂಡು ಎದ್ದು ನಿಂತಿದೆ! ಮುಚ್ಚಿ ಹೋದ ಒಂದು ಜೆರಾಕ್ಸ್ ಅಂಗಡಿಯವರ ರ‍್ಯಾಕ್ 1,800 ರೂಪಾಯಿಗೆ ಸಿಕ್ಕಿತು. ಬೋಲ್ಟ್ ಬಿಚ್ಚಿ ನಾಲ್ಕಡಿ-ಎರಡಡಿಗೆ ಮತ್ತೆ ಜೋಡಿಸಿದ್ದಾಯಿತು. ಪ್ಲೈ ತುಂಡು ಅಂಗಡಿಯಲ್ಲೇ ಮಾಡಿಕೊಟ್ಟರು. ಸನ್‌ಪ್ಯಾಕ್ ಹೊಸ ಶೀಟು ಎಂಟಕ್ಕೆ ನಾಲ್ಕರದ್ದರಲ್ಲಿ ಒಂದೇ ಟ್ರೇ ಆಗುತ್ತದೆ, ಅದು ಹೊಟ್ಟೆ ಉರಿಸಿತು. ಆಮೇಲೆ ಬೋರ್ಡ್ ಬರೆಯುವವರ ಹತ್ತಿರ ಅಚ್ಚು ತಪ್ಪಿದ ಶೀಟುಗಳು ಬಿದ್ದಿದ್ದವು, ಮೂರು ತಂದೆ. ಅಕ್ಷರ ಇರುವ ಕಡೆ ಹೊರಕ್ಕೆ ಬರುವ ಹಾಗೆ ಮಡಚಿದ್ದೇನೆ. ಹಾಗಾಗಿ ಎರಡನೇ ಅಂತಸ್ತಿನ ಮುಂಭಾಗದಲ್ಲಿ ಕೆಂಪು ಅಕ್ಷರದಲ್ಲಿ "ಸೈಟ್ ಮಾರಾಟಕ್ಕಿದೆ" ಅಂತ ತಲೆಕೆಳಗಾಗಿ ಕಾಣುತ್ತದೆ.

ಕೆಳಗೆ ಬೆಲ್ಲ ಮತ್ತು ಮಗಳು, ನಡುವೆ ಬೋಂಡ ಮತ್ತು ಮಗ. ಮೇಲಿನದು ಸದ್ಯಕ್ಕೆ ಹುಲ್ಲಿನ ಗೋದಾಮು. ಗಂಡುಗಳನ್ನು ಮೊದಲ ದಿನ ಬಿಟ್ಟಾಗ ಬೋಂಡ ಈ ತುದಿಯಿಂದ ಆ ತುದಿಗೆ ಓಡಿ, ನಡುವೆ ನಿಂತಲ್ಲೇ ನಾಲ್ಕೂ ಕಾಲು ಎತ್ತಿ ಕಡಲೆ ಸಿಡಿದ ಹಾಗೆ ಚಿಮ್ಮಿದ. ಐದು ತಿಂಗಳಲ್ಲಿ ಒಂದು ಸಲವೂ ಹಾಗೆ ಮಾಡಿರಲಿಲ್ಲ. ಡಬ್ಬದಲ್ಲಿ ಅದಕ್ಕೆ ಜಾಗವೇ ಇರಲಿಲ್ಲ ಅಲ್ವಾ.

ಮೂಲೆಮನೆ · ಹಾಸನ · ಏಪ್ರಿಲ್ 6

ಎರಡು ಎಡವಟ್ಟು ಆಯಿತು, ಬೇರೆಯವರಿಗೆ ಆಗದಿರಲಿ ಅಂತ ಬರೆಯುತ್ತಿದ್ದೇನೆ.

ಮೊದಲನೆಯದು ಟ್ರೇ. ಮೂಲೆಗಳನ್ನು ಹೊರಗಿನಿಂದ ಅಂಟಿಸಿ ಅಂತ ಗರಿಕೆ ಅಕ್ಕ ಹೇಳಿದ್ದರೂ ನಾನು ಜಾಣತನ ಮಾಡಿ ಒಳಗೂ ಟೇಪ್ ಹಾಕಿದೆ. ಮಗರಾಯ ಅದನ್ನು ಎತ್ತಿ, ಜೊತೆಗೆ ಮೂಲೆಯನ್ನೂ ಕಡಿದಿದ್ದಾನೆ. ಎರಡು ದಿನ ಉಚ್ಚೆ ಪ್ಲೈಗೆ ಇಳಿದು, ಅಂಚಿನಿಂದ ಬೆಲ್ಲಳ ಹುಲ್ಲಿನ ಮೇಲೆ ತೊಟ್ಟಿಕ್ಕಿದೆ. ಅವಳು ಹುಲ್ಲು ಬಿಟ್ಟಳು ಅಂತ ಹೊಟ್ಟೆ ನೋವೋ ಏನೋ ಅಂದುಕೊಂಡೆ. ಕೈ ಹಾಕಿ ನೋಡಿದರೆ ಒದ್ದೆ, ಮೂಗಿಗೆ ಹಿಡಿದರೆ ಗೊತ್ತಾಯಿತು.

ಎರಡನೆಯದು ನೆನೆಸಿಕೊಂಡರೆ ಈಗಲೂ ಕೈ ನಡುಗುತ್ತದೆ. ನನ್ನ ಮಗಳು ನಡುವಿನ ಅಂತಸ್ತಿನ ಎರಡೂ ಬಾಗಿಲು ಒಟ್ಟಿಗೆ ತೆಗೆದಳು. ಸೌತೆಕಾಯಿ ವಾಸನೆಗೆ ಬೋಂಡ ಟ್ರೇ ಅಂಚಿಗೆ ಎರಡು ಕಾಲು ಕೊಟ್ಟು ನಿಂತ, ಹಿಂದಿನಿಂದ ಮರಿ ತಳ್ಳಿತು. ದಪ್ಪ್ ಅಂತ ಸದ್ದು. ಎರಡೂಕಾಲು ಅಡಿ ಎತ್ತರ. ಪುಣ್ಯಕ್ಕೆ ಕೆಳಗೆ ಕಾಲೊರೆಸುವ ಚಾಪೆ ಇತ್ತು. ಒಂದು ಉಗುರು ಕಿತ್ತು ರಕ್ತ ಬಂತು. ಶುದ್ಧ ಬಟ್ಟೆಯಲ್ಲಿ ಒತ್ತಿ ಹಿಡಿದುಕೊಂಡೇ ಆಟೋ ಹತ್ತಿದೆ. ಡಾಕ್ಟರ್ ನೋಡಿ ಮೂಳೆಗೆ ಏನೂ ಆಗಿಲ್ಲ ಅಂದರು.

ಪಶುಕಾಲೇಜು_ಕೊನೇಬೆಂಚು · ಹಾಸನ · ಏಪ್ರಿಲ್ 6

ತೋರಿಸಿದ್ದು ಒಳ್ಳೆಯದಾಯಿತು ಅಕ್ಕಾ. ಇವು ನೋವನ್ನು ಮುಚ್ಚಿಡುತ್ತವೆ. ಬಿದ್ದ ಮೇಲೆ ತಿನ್ನುತ್ತಿದೆಯಾ, ಹಿಕ್ಕೆ ಹಾಕುತ್ತಿದೆಯಾ, ಇದೆರಡು ನೋಡುತ್ತಿರಿ. ಅರ್ಧ ದಿನ ಏನೂ ತಿನ್ನದಿದ್ದರೂ ತಡ ಮಾಡಬೇಡಿ. ಇನ್ನೊಂದು, ಔಷಧ ಅಂಗಡಿಯಿಂದ ಅಮಾಕ್ಸಿಸಿಲಿನ್ ತಂದು ಕೊಡುವವರಿದ್ದಾರೆ. ಪೆನಿಸಿಲಿನ್ ಜಾತಿಯ ಔಷಧ ಬಾಯಿಗೆ ಕೊಟ್ಟರೆ ಇವುಗಳ ಕರುಳು ಕೆಟ್ಟು ಸಾಯಬಹುದು. ಖಂಡಿತ ಬೇಡ.

ಉಳಿಸುತ್ತಿಗೆ · ಬೇಲೂರು · ಏಪ್ರಿಲ್ 6

ಮೇಡಂ, ತಪ್ಪು ನನ್ನದೂ ಇದೆ. ಚೌಕಟ್ಟಿಗೆ ಅಡ್ಡಪಟ್ಟಿ ಹೇಳಲು ಮರೆತೆ. ಬಾಗಿಲ ಹಿಂದೆ, ಟ್ರೇ ಅಂಚಿನಿಂದ ಮೂರಿಂಚು ಮೇಲಕ್ಕೆ ಬರುವ ಹಾಗೆ ಒಂದು ಪಟ್ಟಿ ಕೂರಿಸಿ. ತೊಳೆಯುವಾಗ ಎತ್ತಿ ತೆಗೆಯಲು ಎರಡು ಕಡೆ ಕೊಕ್ಕೆ ಸಾಕು. ಎಡ ಬಾಗಿಲಿಗೆ ಮಗಳ ಕೈಗೆ ಸಿಗದ ಎತ್ತರದಲ್ಲಿ ಚಿಲಕ ಹಾಕಿ, ಅವಳಿಗೆ ಬಲದ ಬಾಗಿಲು ಮಾತ್ರ. ಪ್ಲೈ ಉಬ್ಬಿದ್ದರೆ ಬಿಸಿಲಿಗೆ ಒಣಗಿಸಿ, ಅಂಚಿಗೆ ಸಿಲಿಕಾನ್ ಹಚ್ಚಿ. ಪೂರ್ತಿ ಒಣಗುವ ತನಕ ಪ್ರಾಣಿ ಬಿಡಬೇಡಿ.

ಮೊಲದಪ್ಪ · ಅರಸೀಕೆರೆ · ಏಪ್ರಿಲ್ 7

ಟ್ರೇಗೆ ಬಿಳಿ ಗಸಿ ಕಟ್ಟಿದ್ದರೆ ವಿನಿಗರ್ ಹಾಕಿ ಅರ್ಧ ಗಂಟೆ ಬಿಡಿ. ಮೊಲದ್ದಕ್ಕೂ ಅದೇ ಮದ್ದು. ಇಷ್ಟಾದರೂ ನಾನು ಹೇಳಬಹುದಲ್ವಾ?

ಮೂಲೆಮನೆ · ಹಾಸನ · ಏಪ್ರಿಲ್ 19

ವಿನಿಗರ್ ಕೆಲಸ ಮಾಡಿತು ಅಣ್ಣ, ದೊಡ್ಡ ಉಪಕಾರ.

ಈಗ ಸೆಕೆಯ ಸಮಸ್ಯೆ. ಒಂದು ಥರ್ಮಾಮೀಟರ್ ತಂದು ಮೂರೂ ಕಡೆ ನೇತು ಹಾಕಿ ನೋಡಿದೆ. ಮಧ್ಯಾಹ್ನ ಮೂರಕ್ಕೆ ಕೆಳಗೆ 29, ಮೇಲೆ 31. ಒಂದೇ ರ‍್ಯಾಕಿನಲ್ಲಿ ಎರಡು ಡಿಗ್ರಿ! ಬೆಲ್ಲಳ ಹೊಟ್ಟೆ ಬೇರೆ ಎರಡೂ ಕಡೆ ಚೀಲ ಕಟ್ಟಿದ ಹಾಗೆ ಆಗಿದೆ.

ಗರಿಕೆ · ಚಿಕ್ಕಮಗಳೂರು · ಏಪ್ರಿಲ್ 19

28 ದಾಟಿದರೆ ಎಚ್ಚರ. ಬೆವರಲು ಅವಕ್ಕೆ ಬರುವುದಿಲ್ಲ. ಬೆಲ್ಲ ಕೆಳಗೇ ಇರಲಿ. ಉಳಿದ ಕಡಪ ಕಲ್ಲಿನ ತುಂಡು ಯಾರ ಮನೆಯ ಹಿತ್ತಿಲಲ್ಲಾದರೂ ಬಿದ್ದಿರುತ್ತದೆ, ತೊಳೆದು ಒಂದೊಂದು ಇಡಿ, ಹೊಟ್ಟೆ ಹಚ್ಚಿ ಮಲಗುತ್ತವೆ. ಬಾಟಲಿಯಲ್ಲಿ ನೀರು ಹೆಪ್ಪುಗಟ್ಟಿಸಿ ಬಟ್ಟೆ ಸುತ್ತಿ ಇಟ್ಟರೂ ಸರಿ. ಫ್ಯಾನ್ ಗಾಳಿ ನೇರ ಮುಖಕ್ಕೆ ಬೇಡ. ಬಸುರಿಗೆ ಸಿ ವಿಟಮಿನ್ ಜಾಸ್ತಿ ಬೇಕು. ನಮ್ಮ ಹಾಗೇ ಅವುಗಳ ಮೈಯಲ್ಲೂ ಅದು ತಯಾರಾಗುವುದಿಲ್ಲ. ದಪ್ಪ ಮೆಣಸಿನಕಾಯಿ ದಿನಾ ಒಂದು ಹೋಳು, ಆಗಾಗ ಸೀಬೆಯ ಚೂರು.

ಮೂಲೆಮನೆ · ಹಾಸನ · ಏಪ್ರಿಲ್ 30

ಕೊನೇಬೆಂಚಿನ ತಮ್ಮ, ನಿನ್ನ ಲೆಕ್ಕ ಒಂದು ದಿನ ತಪ್ಪಿತು. 69ನೇ ದಿನ. ಮೂರು ಮರಿ. ಬೆಲ್ಲ ಚೆನ್ನಾಗಿದ್ದಾಳೆ, ಹೆತ್ತ ಹತ್ತು ನಿಮಿಷಕ್ಕೆ ಮೆಣಸಿನಕಾಯಿ ಕೇಳಿ ಕೂಗಿದಳು. ಈ ಸಲ ಬೋಂಡ ಒಂದು ಪೂರ್ತಿ ಅಂತಸ್ತು ಮೇಲಿದ್ದಾನೆ.

ಪಶುಕಾಲೇಜು_ಕೊನೇಬೆಂಚು · ಹಾಸನ · ಏಪ್ರಿಲ್ 30

ಮೇ 20ರ ಒಳಗೆ ಗಂಡು ಹೆಣ್ಣು ನೋಡಬೇಕು ಅಕ್ಕಾ. ಅಂಗಡಿಯವರನ್ನು ಕೇಳಬೇಡಿ, ಇಲ್ಲಿಗೇ ಬನ್ನಿ.

ಮೂಲೆಮನೆ · ಹಾಸನ · ಮೇ 21

ಎರಡು ಗಂಡು, ಒಂದು ಹೆಣ್ಣು. ಗಂಡುಗಳನ್ನು ಮೂರನೇ ಅಂತಸ್ತಿಗೆ ಹತ್ತಿಸಿದೆ. ಎರಡು ಮಳೆ ಬಿದ್ದು ಈಗ ಮೇಲೂ 26 ಇದೆ. ಹುಲ್ಲಿನ ಚೀಲ ಮಂಚದ ಕೆಳಗೆ ಹೋಯಿತು. ಕೆಳಗೆ ಹೆಣ್ಣುಗಳು ಮೂರಾದವು, ಎಂಟು ಚದರಡಿ ಅವಕ್ಕೆ ಇಕ್ಕಟ್ಟು. ಹಾಗಾಗಿ ಸಂಜೆ ಎರಡು ಗಂಟೆ ಹಾಲ್ ಬಾಗಿಲು ಹಾಕಿ ನೆಲಕ್ಕೆ ಬಿಡುತ್ತೇನೆ. ಹೆಣ್ಣು ಮರಿಗೆ ಒಂದು ಜೋಡಿ ಹುಡುಕಿ ಗರಿಕೆ ಅಕ್ಕನ ಮನೆಗೆ ಕಳಿಸುವ ಮಾತೂ ಆಗಿದೆ.

ನಿನ್ನೆ ಓನರ್ ಬಾಡಿಗೆಗೆ ಬಂದಿದ್ದರು. ವಾಸನೆ ಅಂತಾರೇನೋ ಅಂತ ಎದೆ ಡವಡವ. ಅವರು ಗೂಡಿನ ಮುಂದೆ ನಿಂತು, ತಲೆ ಓರೆ ಮಾಡಿ ಎರಡನೇ ಅಂತಸ್ತನ್ನು ಓದಿದರು. "ಸೈಟ್ ಚದರಡಿ ಎಷ್ಟಮ್ಮ?" ಅಂದರು.

ಉಳಿಸುತ್ತಿಗೆ · ಬೇಲೂರು · ಮೇ 21

ಮೂರನೆಯದೂ ತುಂಬಿತಲ್ಲ, ಗೋಡೆಯ ಕ್ಲಾಂಪಿನ ಬೋಲ್ಟ್ ಇವತ್ತೇ ಒಂದು ಸುತ್ತು ಬಿಗಿ ಮಾಡಿಬಿಡಿ ಮೇಡಂ. ಹೊಸದಾಗಿ ಜೋಡಿಸಿದ ರ‍್ಯಾಕ್ ತಿಂಗಳಲ್ಲಿ ಸ್ವಲ್ಪ ಸಡಿಲ ಬೀಳುತ್ತದೆ.